ಓದ್ತಾರಾ? ಬರ್ತಾರಾ? ಅಮೆರಿಕದ ದೊಡ್ಡ ಕಾಲೇಜುಗಳು ಕೇಳಿಕೊಳ್ಳುವ ಎರಡು ಪ್ರಶ್ನೆ

2025ರ ಅಕ್ಟೋಬರ್‌ನಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯ ಒಂದು ಪ್ರಕಟಣೆ ಹೊರಡಿಸಿತು. 2027-28ರ ಪ್ರವೇಶ ಸುತ್ತಿನಿಂದ ಅರ್ಜಿದಾರರು ಎಸ್‌ಎಟಿ ಅಥವಾ ಎಸಿಟಿ ಎಂಬ ಪ್ರವೇಶ ಪರೀಕ್ಷೆಯ ಅಂಕ ಕೊಡಬೇಕು ಎಂಬುದು ಅದರ ಸಾರ. ಅಲ್ಲಿಗೆ ಐವಿ ಲೀಗ್ ಎಂಬ ಹಳೆಯ, ಪ್ರತಿಷ್ಠಿತ ಗುಂಪಿನ ಎಂಟು ವಿಶ್ವವಿದ್ಯಾಲಯಗಳ ಪೈಕಿ 'ಕೊಟ್ಟರೆ ಕೊಡಿ, ಬಿಟ್ಟರೆ ಬಿಡಿ' ಎನ್ನುವ ನಿಯಮದಲ್ಲಿ ಉಳಿದದ್ದು ಕೊಲಂಬಿಯಾ ಒಂದೇ.

ಹಾಗಂತ ಎಲ್ಲ ಕಡೆ ಪರೀಕ್ಷೆ ವಾಪಸ್ ಬಂದಿದೆ ಅಂದುಕೊಳ್ಳುವಂತಿಲ್ಲ. ಬರ್ಕ್‌ಲಿ, ಯುಸಿಎಲ್‌ಎ ಸೇರಿದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಪ್ರವೇಶ ಕೊಡುವಾಗ ಎಸ್‌ಎಟಿ ಅಂಕವನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ಪರೀಕ್ಷೆಗಳನ್ನು ಟೀಕಿಸುವ ಫೇರ್‌ಟೆಸ್ಟ್ ಸಂಸ್ಥೆಯ ಲೆಕ್ಕದಲ್ಲಿ ಅಂಕ ಕಡ್ಡಾಯ ಮಾಡದ ಕಾಲೇಜುಗಳು ಎರಡು ಸಾವಿರಕ್ಕೂ ಜಾಸ್ತಿ. ಅಂದರೆ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿರುವ ಒಬ್ಬ ಕನ್ನಡದ ಹುಡುಗಿ ಎಂಐಟಿಗೆ ಅಂಕ ಕಳಿಸಲೇಬೇಕು, ಮನೆ ಪಕ್ಕದ ಬರ್ಕ್‌ಲಿಗೆ ಕಳಿಸಿದರೂ ಪ್ರಯೋಜನವಿಲ್ಲ, ಮಿಶಿಗನ್‌ಗೆ ಕಳಿಸುವುದು ಬಿಡುವುದು ಅವಳ ಇಷ್ಟ.

ಇಷ್ಟು ಸಾಲದು ಎಂಬಂತೆ ಇನ್ನೊಂದು ಮಾತು ಕಿವಿಗೆ ಬೀಳುತ್ತದೆ. 'ಅಂಕ ಚೆನ್ನಾಗಿತ್ತು, ಆದರೆ ಆ ಕಾಲೇಜಿನ ಮೇಲೆ ಆಸಕ್ತಿ ತೋರಿಸಲಿಲ್ಲ, ಅದಕ್ಕೇ ಸೀಟು ಸಿಗಲಿಲ್ಲ' ಎಂಬ ಮಾತು. ಅರ್ಜಿ ಹಾಕಿದ್ದೇ ಆಸಕ್ತಿ ಅಲ್ವಾ? ಇನ್ನೇನು ತೋರಿಸಬೇಕು?

ಈ ಎರಡು ಗೊಂದಲಗಳನ್ನು ಬೇರೆ ಬೇರೆಯಾಗಿ ಬಿಡಿಸುವುದು ಕಷ್ಟ. ಅಂಕ ಕೇಳುವ ಪ್ರಶ್ನೆ 'ಇವರು ಇಲ್ಲಿ ಓದಿ ದಕ್ಕಿಸಿಕೊಳ್ಳುತ್ತಾರಾ?' ಎಂಬುದು. ಆಸಕ್ತಿ ಕೇಳುವ ಪ್ರಶ್ನೆ 'ಸೀಟು ಕೊಟ್ಟರೆ ಇವರು ಬರುತ್ತಾರಾ?' ಎಂಬುದು. ಮೊದಲನೆಯದನ್ನು ಸಡಿಲಬಿಟ್ಟಾಗ ಎರಡನೆಯದು ಬಿಗಿಯಾಯಿತು. ಕಳೆದ ಐದಾರು ವರ್ಷದ ಕಥೆ ಇದೇ.

ಸಿಇಟಿ ಕಣ್ಣಲ್ಲಿ ನೋಡಿದರೆ

ನಮ್ಮಲ್ಲಿ ಎಂಜಿನಿಯರಿಂಗ್ ಸೀಟಿನ ಲೆಕ್ಕ ಸರಳ. ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕಕ್ಕೆ ಅರ್ಧ, ಸಿಇಟಿ ಅಂಕಕ್ಕೆ ಅರ್ಧ. ಎರಡೂ ಸೇರಿ ರ‍್ಯಾಂಕ್. ಆಮೇಲೆ ಆಪ್ಷನ್ ಎಂಟ್ರಿ. ನಿಮಗೆ ಯಾವ ಕಾಲೇಜು ಮೊದಲು ಬೇಕು, ಯಾವುದು ಹತ್ತನೆಯದು ಎಂದು ನೀವೇ ಬರೆದುಕೊಡುತ್ತೀರಿ. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಕಂಪ್ಯೂಟರ್ ರ‍್ಯಾಂಕ್ ನೋಡಿ, ಮೀಸಲಾತಿ ನೋಡಿ, ಪಟ್ಟಿ ನೋಡಿ ಸೀಟು ಹಂಚುತ್ತದೆ. ಇಲ್ಲಿ ಯಾವ ಕಾಲೇಜೂ 'ಈ ಹುಡುಗ ನಿಜವಾಗಲೂ ಬರ್ತಾನಾ' ಎಂದು ತಲೆ ಕೆಡಿಸಿಕೊಳ್ಳಬೇಕಿಲ್ಲ. ಆಪ್ಷನ್ ಪಟ್ಟಿಯೇ ಅದಕ್ಕೆ ಉತ್ತರ.

ಅಮೆರಿಕದಲ್ಲಿ ಅಂಥ ಪ್ರಾಧಿಕಾರವೇ ಇಲ್ಲ. ಪ್ರತಿ ಕಾಲೇಜಿಗೂ ಅದರದೇ ಅಡ್ಮಿಷನ್ ಆಫೀಸು, ಅದರದೇ ನಿಯಮ. ಸಾವಿರಕ್ಕೂ ಹೆಚ್ಚು ಕಾಲೇಜುಗಳು ಸೇರಿರುವ ಕಾಮನ್ ಆಪ್ ಎಂಬ ಒಂದೇ ಅರ್ಜಿಯಿಂದ ಒಬ್ಬರು 20 ಕಾಲೇಜುಗಳಿಗೆ ಅರ್ಜಿ ಹಾಕಬಹುದು. ಆದರೆ ಆ 20ರಲ್ಲಿ ತಮಗೆ ಯಾವುದು ಮೊದಲು ಬೇಕು ಎಂದು ಬರೆಯುವ ಜಾಗ ಅದರಲ್ಲಿಲ್ಲ. ಶಾಲೆಯ ಗ್ರೇಡು, ಪ್ರಬಂಧ, ಶಿಕ್ಷಕರ ಶಿಫಾರಸು ಪತ್ರ, ಪಾಠದ ಹೊರಗಿನ ಚಟುವಟಿಕೆ, ಜತೆಗೆ ಎಸ್‌ಎಟಿ ಅಂಕ. ಇವೆಲ್ಲವನ್ನೂ ಓದಿ, ಒಟ್ಟಾರೆ ಒಂದು ಅಭಿಪ್ರಾಯಕ್ಕೆ ಬಂದು, ಸೀಟು ಕೊಡಬೇಕೋ ಬೇಡವೋ ಎಂದು ಆಫೀಸಿನವರು ತೀರ್ಮಾನಿಸುತ್ತಾರೆ. ರ‍್ಯಾಂಕ್ ಎಂಬುದಿಲ್ಲ. ಕಟ್ ಆಫ್ ಎಂಬುದೂ ಬಹುಪಾಲು ಇಲ್ಲ.

ಹಾಗಾಗಿ 'ಎಸ್‌ಎಟಿಯಲ್ಲಿ 1600ಕ್ಕೆ 1500 ಬಂದರೆ ಯಾವ ಕಾಲೇಜು ಸಿಗುತ್ತದೆ' ಎಂಬ ಪ್ರಶ್ನೆಗೆ ನೇರ ಉತ್ತರವಿಲ್ಲ. ಆದರೂ ನಮ್ಮವರು ಮೊದಲು ಕೇಳುವುದು ಅದನ್ನೇ. ಸಿಇಟಿಯ ಅಭ್ಯಾಸ ಅಷ್ಟು ಬೇಗ ಬಿಡುವುದಿಲ್ಲ.

ಪರೀಕ್ಷೆ ಹೋದದ್ದು

ಎಸ್‌ಎಟಿ ಮೊದಲು ನಡೆದದ್ದು 1926ರಲ್ಲಿ. ಅದರ ಪ್ರತಿಸ್ಪರ್ಧಿ ಎಸಿಟಿ ಬಂದದ್ದು 1959ರಲ್ಲಿ. ಎಸ್‌ಎಟಿಗೆ ಗಣಿತ 800, ಓದು-ಬರಹ 800, ಒಟ್ಟು 1600. ಎಸಿಟಿಗೆ 36. ಮೇನ್ ರಾಜ್ಯದ ಬೌಡನ್ ಕಾಲೇಜು 1969ರಲ್ಲೇ 'ಅಂಕ ಕಡ್ಡಾಯವಲ್ಲ' ಅಂದಿತ್ತು. ಶಿಕಾಗೊ ವಿಶ್ವವಿದ್ಯಾಲಯ 2018ರಲ್ಲಿ ಆ ದಾರಿ ಹಿಡಿಯಿತು. ಆದರೂ ದೊಡ್ಡ ಹೆಸರಿನ ಕಾಲೇಜುಗಳಲ್ಲಿ ಅಂಥವರು ಕಡಿಮೆಯೇ ಇದ್ದರು.

2020ರಲ್ಲಿ ಕೋವಿಡ್ ಬಂತು. ಪರೀಕ್ಷಾ ಕೇಂದ್ರಗಳು ಮುಚ್ಚಿದವು. ಬರೆಯಲು ಜಾಗವೇ ಇಲ್ಲದ ಪರೀಕ್ಷೆಯನ್ನು ಕಡ್ಡಾಯ ಮಾಡುವುದು ಹೇಗೆ? ಒಂದರ ಹಿಂದೆ ಒಂದು ಕಾಲೇಜು 'ಟೆಸ್ಟ್ ಆಪ್ಷನಲ್' ಬೋರ್ಡು ಹಾಕಿತು.

ಮುಂದೆ ಆದದ್ದನ್ನು ನೋಡಿ. ಅದಕ್ಕೂ ಮೊದಲು 'ನನ್ನ ಅಂಕಕ್ಕೆ ಹಾರ್ವರ್ಡ್ ಎಲ್ಲಿಂದ ಬರಬೇಕು' ಎಂದು ಸುಮ್ಮನಿರುತ್ತಿದ್ದವರೂ ಈಗ ಅರ್ಜಿ ಹಾಕಿದರು. ಹಾರ್ವರ್ಡ್‌ಗೆ ಒಂದೇ ವರ್ಷದಲ್ಲಿ ಅರ್ಜಿಗಳು 40,248ರಿಂದ 57,435ಕ್ಕೆ ಏರಿದವು. ಎಂಐಟಿಗೆ ಸುಮಾರು 20 ಸಾವಿರ ಇದ್ದದ್ದು 33 ಸಾವಿರ ದಾಟಿತು. ಸೀಟು ಮಾತ್ರ ಅಷ್ಟೇ. ಅರ್ಜಿ ಓದುವವರೂ ಹೆಚ್ಚುಕಡಿಮೆ ಅಷ್ಟೇ. ಇದೇ ಮಗು ಇನ್ನೂ ಹದಿನೈದು ಕಡೆ ಅರ್ಜಿ ಹಾಕಿದೆ ಎಂಬುದು ಓದುವವರಿಗೆ ಗೊತ್ತು. ಆ ಹದಿನೈದರಲ್ಲಿ ತಮ್ಮ ಕಾಲೇಜು ಎಷ್ಟನೆಯದು ಎಂಬುದು ಗೊತ್ತಿಲ್ಲ.

ವಾಪಸ್ ಬಂದದ್ದು

ದೊಡ್ಡ ಹೆಸರಿನ ಕಾಲೇಜುಗಳಲ್ಲಿ ಮೊದಲು ಮರಳಿದ್ದು ಎಂಐಟಿ, 2022ರ ಮಾರ್ಚ್‌ನಲ್ಲಿ. ಅವರ ಕಾರಣ ತುಂಬಾ ಸ್ಪಷ್ಟ. ಎಂಐಟಿಯಲ್ಲಿ ಸಾಹಿತ್ಯ ಓದಲು ಹೋದರೂ ಎರಡು ಸೆಮಿಸ್ಟರ್ ಕ್ಯಾಲ್ಕುಲಸ್, ಎರಡು ಸೆಮಿಸ್ಟರ್ ಭೌತಶಾಸ್ತ್ರ ತಪ್ಪಿದ್ದಲ್ಲ. ಗಣಿತದಲ್ಲಿ ತಯಾರಿ ಇಲ್ಲದವರನ್ನು ಒಳಗೆ ತೆಗೆದುಕೊಂಡರೆ ಮೊದಲ ವರ್ಷದಲ್ಲೇ ಮುಳುಗುತ್ತಾರೆ. ಅದನ್ನು ಮೊದಲೇ ತಿಳಿಯಲು ಎಸ್‌ಎಟಿ ಗಣಿತದ ಅಂಕ ಸಹಾಯ ಮಾಡುತ್ತದೆ ಎಂದು ಅಡ್ಮಿಷನ್ ಡೀನ್ ಸ್ಟೂ ಶ್ಮಿಲ್ ವಿವರಿಸಿದರು.

ಆಮೇಲೆ 2024 ಬಂತು. ಫೆಬ್ರವರಿಯಲ್ಲಿ ಡಾರ್ಟ್‌ಮತ್ ಮತ್ತು ಯೇಲ್, ಮಾರ್ಚ್‌ನಲ್ಲಿ ಬ್ರೌನ್ ಮತ್ತು ಆಸ್ಟಿನ್‌ನ ಟೆಕ್ಸಸ್ ವಿಶ್ವವಿದ್ಯಾಲಯ, ಏಪ್ರಿಲ್‌ನಲ್ಲಿ ಹಾರ್ವರ್ಡ್, ಕ್ಯಾಲ್‌ಟೆಕ್, ಕಾರ್ನೆಲ್, ಜೂನ್‌ನಲ್ಲಿ ಸ್ಟ್ಯಾನ್‌ಫರ್ಡ್. ಯೇಲ್ ಸ್ವಲ್ಪ ಸಡಿಲ, ಎಸ್‌ಎಟಿ ಇಲ್ಲದಿದ್ದರೆ ಎಪಿ ಅಥವಾ ಐಬಿ ಎಂಬ ವಿಷಯವಾರು ಪರೀಕ್ಷೆಗಳ ಅಂಕವಾದರೂ ಸರಿ ಅನ್ನುತ್ತದೆ.

ಎಲ್ಲರೂ ಒಟ್ಟಿಗೆ ಮನಸ್ಸು ಬದಲಿಸಿದ್ದಕ್ಕೆ ಎರಡು ಅಧ್ಯಯನ ಮುಖ್ಯ ಕಾರಣ. ಹಾರ್ವರ್ಡ್‌ನ ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ಮುನ್ನಡೆಸುವ ಆಪರ್ಚುನಿಟಿ ಇನ್‌ಸೈಟ್ಸ್ ತಂಡ ಐವಿ ಮಟ್ಟದ ಕಾಲೇಜುಗಳ ದಾಖಲೆ ಹಿಡಿದು ಲೆಕ್ಕ ಹಾಕಿತು. ಒಂದೇ ಹಿನ್ನೆಲೆಯ ಇಬ್ಬರಲ್ಲಿ ಒಬ್ಬರದು 1600, ಇನ್ನೊಬ್ಬರದು 1200 ಅಂದುಕೊಳ್ಳಿ. ಕಾಲೇಜಿನ ಮೊದಲ ವರ್ಷದ ಗ್ರೇಡಿನಲ್ಲಿ, 4ರ ಮಾಪಕದಲ್ಲಿ, ಇಬ್ಬರ ನಡುವೆ ಸುಮಾರು 0.43 ಅಂತರ ಕಂಡಿತು. ಶಾಲೆಯಲ್ಲಿ ಪೂರ್ತಿ 4.0 ಗ್ರೇಡು ಪಡೆದವರಿಗೂ 3.2 ಪಡೆದವರಿಗೂ ಇದ್ದ ಅಂತರ 0.1ಕ್ಕಿಂತ ಕಡಿಮೆ. ಶಾಲೆಯ ಗ್ರೇಡು ಈಗ ಎಲ್ಲರಿಗೂ ಎ ಆಗಿಬಿಟ್ಟಿದೆ, ಅದರಿಂದ ಯಾರು ಯಾರೆಂದು ತಿಳಿಯುವುದು ಕಷ್ಟ ಎಂಬುದು ಇದರ ಅರ್ಥ.

ಎರಡನೆಯದು ಡಾರ್ಟ್‌ಮತ್‌ನ ಸ್ವಂತ ಅಧ್ಯಯನ. ಅದರಲ್ಲಿ ಒಂದು ಅಚ್ಚರಿಯ ಸಂಗತಿ ಸಿಕ್ಕಿತು. ಬಡ ಮನೆಯಿಂದ, ಸಾಧಾರಣ ಶಾಲೆಯಿಂದ ಬಂದ ಮಕ್ಕಳಲ್ಲಿ ಹಲವರು 1400ರ ಆಸುಪಾಸಿನ ಅಂಕ ಪಡೆದಿದ್ದರೂ ಅದನ್ನು ಮುಚ್ಚಿಟ್ಟಿದ್ದರು. ಕಾಲೇಜಿನ ಸರಾಸರಿಗಿಂತ ಕಡಿಮೆ, ಕಳಿಸಿದರೆ ಪೆಟ್ಟು ಎಂಬುದು ಅವರ ಎಣಿಕೆ. ಆದರೆ ಆಫೀಸಿನವರು ಅಂಕವನ್ನು ಅದು ಬಂದ ಶಾಲೆಯ ಜತೆ ಇಟ್ಟು ನೋಡುತ್ತಾರೆ. ಎಲ್ಲರೂ 1000ದ ಸುತ್ತ ತಿರುಗುವ ಶಾಲೆಯಲ್ಲಿ ಒಬ್ಬಳು 1400 ಪಡೆದರೆ ಅದು ದೊಡ್ಡ ಸುದ್ದಿ. ಆ ಅಂಕ ಕಳಿಸಿದ್ದರೆ ಸೀಟು ಸಿಗುವ ಸಾಧ್ಯತೆ ಹೆಚ್ಚುತ್ತಿತ್ತು. ಯಾರಿಗೆ ಒಳ್ಳೆಯದಾಗಲಿ ಎಂದು ನಿಯಮ ಸಡಿಲಿಸಿದ್ದರೋ ಅವರಿಗೇ ಅದು ಅಡ್ಡಗಾಲಾಗಿತ್ತು.

ವಿರೋಧಿಸುವವರ ವಾದ

ಇದನ್ನು ಒಪ್ಪದವರೂ ಇದ್ದಾರೆ, ಅವರ ವಾದ ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಎಸ್‌ಎಟಿ ಅಂಕ ಮನೆಯ ಆದಾಯದ ನೆರಳು ಎನ್ನುತ್ತಾರೆ ಅವರು. ಚೆಟ್ಟಿ ತಂಡದ ಲೆಕ್ಕವೇ ಅದಕ್ಕೆ ಸಾಕ್ಷಿ. ಅತಿ ಶ್ರೀಮಂತ ಶೇ. 1ರ ಮನೆಗಳ ಮಕ್ಕಳು 1300 ದಾಟುವ ಸಾಧ್ಯತೆ ಬಡ ಮನೆಗಳ ಮಕ್ಕಳಿಗಿಂತ 13 ಪಟ್ಟು ಜಾಸ್ತಿ. ಟ್ಯೂಷನ್, ಮತ್ತೆ ಮತ್ತೆ ಬರೆಯುವ ಅವಕಾಶ, ಒಳ್ಳೆಯ ಶಾಲೆ. ಇವೆಲ್ಲ ಸೇರಿ ಆ ಅಂಕ.

ಇದಕ್ಕೆ ಪರೀಕ್ಷೆಯ ಪರ ಇರುವವರ ಮರುಪ್ರಶ್ನೆ: ಪ್ರಬಂಧ, ಚಟುವಟಿಕೆ, ಶಿಫಾರಸು ಪತ್ರಗಳಲ್ಲಿ ದುಡ್ಡಿನ ನೆರಳಿಲ್ಲವೇ? ಚೆಟ್ಟಿ ಮತ್ತು ಅವರ ಜತೆಗಾರ ಅರ್ಥಶಾಸ್ತ್ರಜ್ಞರಾದ ಡೇವಿಡ್ ಡೆಮಿಂಗ್, ಜಾನ್ ಫ್ರೀಡ್‌ಮನ್ 2023ರಲ್ಲಿ ತೋರಿಸಿದ್ದೂ ಇದನ್ನೇ. ಒಂದೇ ಅಂಕ ಪಡೆದ ಇಬ್ಬರಲ್ಲಿ ಶೇ. 1ರ ಮನೆಯ ಮಗು ಐವಿ ಮಟ್ಟದ ಕಾಲೇಜು ಸೇರುವ ಸಾಧ್ಯತೆ ಮಧ್ಯಮ ವರ್ಗದ ಮಗುವಿನ ಎರಡು ಪಟ್ಟಿಗಿಂತ ಜಾಸ್ತಿ. ಅಪ್ಪ-ಅಮ್ಮ ಅಲ್ಲೇ ಓದಿದ್ದು, ದುಬಾರಿ ಕ್ರೀಡೆಗಳು, ಪಾಠದ ಹೊರಗಿನ ಅಂಶಗಳಿಗೆ ಕೊಡುವ ಮಾರ್ಕು, ಇವು ಆ ವ್ಯತ್ಯಾಸಕ್ಕೆ ಕಾರಣ. ಅಂಕ ತೆಗೆದುಹಾಕಿದರೆ ಉಳಿಯುವುದು ಇವೇ.

ಈ ಜಗಳದಲ್ಲಿ ಕ್ಯಾಲಿಫೋರ್ನಿಯಾದ ಪ್ರಸಂಗ ವಿಚಿತ್ರ. ಅಲ್ಲಿನ ಪ್ರಾಧ್ಯಾಪಕರ ಸಮಿತಿ 2020ರ ಆರಂಭದಲ್ಲಿ ಅಧ್ಯಯನ ಮಾಡಿ, ಅಂಕ ಉಪಯುಕ್ತ ಎಂದಿತು. ಕೆಲವೇ ತಿಂಗಳಲ್ಲಿ ಆಡಳಿತ ಮಂಡಳಿ ಅದಕ್ಕೆ ವಿರುದ್ಧವಾಗಿ ಮತ ಹಾಕಿ, ಪರೀಕ್ಷೆಯನ್ನು ಹಂತಹಂತವಾಗಿ ಕೈಬಿಡಲು ತೀರ್ಮಾನಿಸಿತು. 2021ರ ಕೋರ್ಟ್ ರಾಜಿಯ ಬಳಿಕ ಅಂಕ ನೋಡುವುದನ್ನೇ ಬಿಟ್ಟಿತು. 2025ರ ನವೆಂಬರ್‌ನಲ್ಲಿ ಅದೇ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೊ ಕ್ಯಾಂಪಸ್‌ನ ಒಂದು ವರದಿ ಹೊರಬಂತು. ಹೊಸದಾಗಿ ಸೇರಿದವರಲ್ಲಿ ಸುಮಾರು ಎಂಟರಲ್ಲಿ ಒಬ್ಬರ ಗಣಿತ ಹೈಸ್ಕೂಲ್ ಮಟ್ಟಕ್ಕಿಂತ ಕೆಳಗಿದೆ, ಐದು ವರ್ಷದಲ್ಲಿ ಅಂಥವರ ಸಂಖ್ಯೆ ಸುಮಾರು ಮೂವತ್ತು ಪಟ್ಟಾಗಿದೆ ಎಂದು ಅದು ಹೇಳಿತು. ಇವರಲ್ಲಿ ಅನೇಕರಿಗೆ ಶಾಲೆಯಲ್ಲಿ ಗಣಿತದ ಗ್ರೇಡು ಚೆನ್ನಾಗಿಯೇ ಇತ್ತು. ಕೋವಿಡ್‌ನಲ್ಲಿ ಪಾಠ ತಪ್ಪಿದ್ದೂ ಕಾರಣ, ಶಾಲೆಗಳು ಧಾರಾಳವಾಗಿ ಗ್ರೇಡು ಹಂಚಿದ್ದೂ ಕಾರಣ, ಪರೀಕ್ಷೆ ತೆಗೆದದ್ದೂ ಒಂದು ಕಾರಣ ಎಂದು ವರದಿ ಹೆಸರಿಸಿದೆ. ಎಲ್ಲ ತಪ್ಪನ್ನೂ ಪರೀಕ್ಷೆ ಇಲ್ಲದ್ದರ ತಲೆಗೆ ಕಟ್ಟುವುದು ಸರಿಯಲ್ಲ. ಆದರೆ ಗ್ರೇಡು ಒಂದನ್ನೇ ನಂಬಿದರೆ ಏನಾಗಬಹುದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಸಿಗುವುದು ಕಷ್ಟ.

ಮುಚ್ಚಿಟ್ಟ ಅಂಕ ಸರಾಸರಿಯನ್ನು ಏರಿಸುತ್ತದೆ

ಟೆಸ್ಟ್ ಆಪ್ಷನಲ್ ಕಾಲೇಜುಗಳಲ್ಲಿ ಇನ್ನೊಂದು ಸುಳಿ ಇದೆ. ಬಹುತೇಕ ಪ್ರತಿ ಕಾಲೇಜೂ ತನ್ನಲ್ಲಿ ಸೇರಿದವರ ನಡುವಿನ ಅರ್ಧ ಭಾಗದ ಅಂಕ ಎಷ್ಟು ಎಂದು ಪ್ರಕಟಿಸುತ್ತದೆ. 1400ರಿಂದ 1500 ಎಂದಿದ್ದರೆ, ಕೆಳಗಿನ ಕಾಲು ಭಾಗದವರು 1400ರೊಳಗೆ, ಮೇಲಿನ ಕಾಲು ಭಾಗದವರು 1500ರ ಮೇಲೆ ಎಂದರ್ಥ. ಈಗ 1390 ಇರುವ ಹುಡುಗ ಇದನ್ನು ನೋಡಿ ಅಂಕ ಕಳಿಸುವುದಿಲ್ಲ. 1410 ಇರುವವಳೂ ಹಿಂಜರಿಯುತ್ತಾಳೆ. ಇಬ್ಬರಿಗೂ ಸೀಟು ಸಿಕ್ಕರೂ ಅವರ ಅಂಕ ಲೆಕ್ಕಕ್ಕೆ ಬರುವುದಿಲ್ಲ. ಮುಂದಿನ ವರ್ಷ ಪ್ರಕಟವಾಗುವುದು 1440ರಿಂದ 1520. ಅದನ್ನು ನೋಡಿ 1430 ಇರುವವರು ಮುಚ್ಚಿಡುತ್ತಾರೆ. ಹೀಗೆ ಯಾರೂ ಜಾಸ್ತಿ ಬುದ್ಧಿವಂತರಾಗದೆಯೇ ಸರಾಸರಿ ಏರುತ್ತಾ ಹೋಗುತ್ತದೆ. ಮನೆಯವರು ಗಾಬರಿಯಾಗುತ್ತಾರೆ, ಟ್ಯೂಷನ್‌ನವರು ಖುಷಿಯಾಗುತ್ತಾರೆ.

ಹಾಗಾಗಿ ಈ ಸಂಖ್ಯೆ ಓದುವಾಗ ಎಷ್ಟು ಮಂದಿ ಅಂಕ ಕೊಟ್ಟಿದ್ದಾರೆ ಎಂಬ ಪಕ್ಕದ ಸಂಖ್ಯೆಯನ್ನೂ ಓದಬೇಕು. ಅರ್ಧಕ್ಕಿಂತ ಕಡಿಮೆ ಜನ ಕೊಟ್ಟಿದ್ದರೆ ಆ ಸರಾಸರಿ ಮೇಲಿನ ಅರ್ಧದ ಸರಾಸರಿ ಅಷ್ಟೇ. ಎಂಐಟಿಯಂಥ ಕಡೆ ಈ ಸುಳಿ ಇಲ್ಲ, ಎಲ್ಲರೂ ಕೊಡಲೇಬೇಕು. ಆದರೆ ಅಲ್ಲಿ ಇನ್ನೊಂದು ಬಗೆಯ ಕಷ್ಟ. ಇತ್ತೀಚೆಗೆ ಅಲ್ಲಿ ಸೀಟು ಪಡೆದವರ ಗಣಿತದ ಅಂಕ 780ರಿಂದ 800. ಅಂದರೆ 20 ಅಂಕ ಕಳೆದುಕೊಂಡರೆ ನೀವು ಕೆಳಗಿನ ಕಾಲು ಭಾಗದ ಗಡಿಯಲ್ಲಿದ್ದೀರಿ. ಇಷ್ಟು ಕಿಕ್ಕಿರಿದ ಜಾಗದಲ್ಲಿ 790ಕ್ಕೂ 800ಕ್ಕೂ ಇರುವ ವ್ಯತ್ಯಾಸದಿಂದ ಯಾರಿಗೂ ಸೀಟು ಬರುವುದಿಲ್ಲ. ಅಂಕ ಬಾಗಿಲ ಚಿಲಕ ತೆಗೆಯುತ್ತದೆ. ಒಳಗೆ ಕರೆದು ಕೂರಿಸುವ ಕೆಲಸ ಬೇರೆಯವುಗಳದ್ದು.

ಎಷ್ಟು ಎಲೆ ಹಾಕಿಸಬೇಕು?

ಈಗ ಎರಡನೇ ಪ್ರಶ್ನೆಗೆ ಬರೋಣ. ಮದುವೆಗೆ 600 ಪತ್ರಿಕೆ ಹಂಚಿದ್ದೀರಿ. ಅಡುಗೆಯವರು ಬಂದು ಕೇಳುತ್ತಾರೆ, 'ಎಷ್ಟು ಎಲೆ?' ಕಮ್ಮಿ ಹೇಳಿದರೆ ಕೊನೆಯ ಪಂಕ್ತಿಗೆ ಪಾಯಸ ಇಲ್ಲ, ಮರ್ಯಾದೆ ಹೋಯಿತು. ಜಾಸ್ತಿ ಹೇಳಿದರೆ ಅನ್ನ ಚೆಲ್ಲಬೇಕು. ಯಾರು ಖಂಡಿತ ಬರ್ತಾರೆ, ಯಾರು 'ನೋಡೋಣ' ಅಂದಿದ್ದಾರೆ, ಅದೇ ದಿನ ಇನ್ನೆಲ್ಲಿ ಮದುವೆ ಇದೆ ಎಂದು ಕೂತು ಲೆಕ್ಕ ಹಾಕುತ್ತೀರಿ.

ಅಮೆರಿಕದ ಕಾಲೇಜುಗಳು ಪ್ರತಿ ಮಾರ್ಚ್‌ನಲ್ಲಿ ಮಾಡುವುದು ಇದೇ ಲೆಕ್ಕ. ಸೀಟು ಕೊಟ್ಟವರಲ್ಲಿ ನೂರಕ್ಕೆ ಎಷ್ಟು ಮಂದಿ ಬಂದು ಸೇರುತ್ತಾರೆ ಎಂಬುದಕ್ಕೆ ಅವರು 'ಯೀಲ್ಡ್' ಎನ್ನುತ್ತಾರೆ. ಹಾರ್ವರ್ಡ್‌ಗೆ ಇದು 80ಕ್ಕಿಂತ ಹೆಚ್ಚು. ಕರೆದರೆ ಬಂದೇ ಬರುತ್ತಾರೆ. ಬಹಳಷ್ಟು ಕಾಲೇಜುಗಳಲ್ಲಿ ಇದು 30ರ ಸುತ್ತ, ಕೆಲವು ಕಡೆ ಇನ್ನೂ ಕಡಿಮೆ. ಸಾವಿರ ಸೀಟು ತುಂಬಬೇಕಾದರೆ ಮೂರು ಸಾವಿರಕ್ಕೂ ಹೆಚ್ಚು ಜನರನ್ನು ಕರೆಯಬೇಕು.

ಲೆಕ್ಕ ತಪ್ಪಿದರೆ? 2017ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ವೈನ್ ಕ್ಯಾಂಪಸ್‌ಗೆ ಎಣಿಸಿದ್ದಕ್ಕಿಂತ ಸುಮಾರು 800 ಜನ ಜಾಸ್ತಿ ಬರುತ್ತೇವೆ ಅಂದರು. ದಾಖಲೆ ಸರಿಯಿಲ್ಲ, ಗ್ರೇಡು ಇಳಿದಿದೆ ಎಂಬ ಕಾರಣ ಕೊಟ್ಟು ಅವರು 499 ಸೀಟು ರದ್ದು ಮಾಡಿದರು. ದೊಡ್ಡ ಗಲಾಟೆಯಾಗಿ, ಬಹುಪಾಲು ಮಕ್ಕಳಿಗೆ ಸೀಟು ವಾಪಸ್ ಕೊಡಬೇಕಾಯಿತು. 2019ರಲ್ಲಿ ವರ್ಜೀನಿಯಾ ಟೆಕ್‌ಗೂ ಹೀಗೇ ಸಾವಿರಕ್ಕೂ ಹೆಚ್ಚು ಜನ ಹೆಚ್ಚಾದರು. ಹಾಸ್ಟೆಲ್‌ನಲ್ಲಿ ಜಾಗವಿಲ್ಲ. 'ಒಂದು ವರ್ಷ ತಡೆದು ಬನ್ನಿ' ಎಂದು ಆಮಿಷ ಒಡ್ಡಿದರು. ಬಂದವರು ಕಮ್ಮಿಯಾದರೆ ಇನ್ನೂ ಕಷ್ಟ. ಫೀಸಿನ ಮೇಲೆ ನಡೆಯುವ ಸಣ್ಣ ಖಾಸಗಿ ಕಾಲೇಜಿಗೆ ನೂರು ಸೀಟು ಖಾಲಿ ಉಳಿದರೆ ಬಜೆಟ್ಟೇ ಮುರಿಯುತ್ತದೆ.

ಇಂಥ ಕಾಲೇಜಿಗೆ 'ಇವರು ಬರ್ತಾರಾ' ಎಂಬ ಪ್ರಶ್ನೆ ಜೀವನ್ಮರಣದ್ದು. ಉತ್ತರದ ಸುಳಿವು ಎಲ್ಲಿ ಸಿಕ್ಕರೂ ಅದು ಬೇಕು. 'ಡೆಮಾನ್‌ಸ್ಟ್ರೇಟೆಡ್ ಇಂಟರೆಸ್ಟ್', ಅಂದರೆ ಮಾಡಿ ತೋರಿಸಿದ ಆಸಕ್ತಿ, ಹುಟ್ಟಿದ್ದು ಈ ಹಸಿವಿನಿಂದ.

ಆಸಕ್ತಿಗೆ ತಕ್ಕಡಿ

ಕ್ಯಾಂಪಸ್ ನೋಡಲು ಬಂದರಾ? ಆನ್‌ಲೈನ್ ಮಾಹಿತಿ ಸಭೆಗೆ ಹೆಸರು ಕೊಟ್ಟರಾ? ನಿಮ್ಮ ಊರಿಗೆ ಕಾಲೇಜಿನ ಪ್ರತಿನಿಧಿ ಬಂದಾಗ ಮಾತಾಡಿಸಿದಿರಾ? 'ನಮ್ಮ ಕಾಲೇಜೇ ಯಾಕೆ' ಎಂಬ ಪ್ರಬಂಧದಲ್ಲಿ ಆ ಕಾಲೇಜಿನ ಬಗ್ಗೆ ಏನಾದರೂ ಇದೆಯಾ, ಅಥವಾ ಹೆಸರು ಬದಲಿಸಿ ಹತ್ತು ಕಡೆ ಕಳಿಸಿದ್ದಾ? ಇವೆಲ್ಲ ತಕ್ಕಡಿಗೆ ಬೀಳುತ್ತವೆ. ಅಡ್ಮಿಷನ್ ಆಫೀಸುಗಳಲ್ಲಿ ತುಂಬಾ ಬಳಕೆಯಲ್ಲಿರುವ ಸ್ಲೇಟ್ ಎಂಬ ಸಾಫ್ಟ್‌ವೇರ್, ಕಾಲೇಜು ಕಳಿಸಿದ ಇಮೇಲ್ ತೆರೆದಿರಾ, ಲಿಂಕ್ ಒತ್ತಿದಿರಾ ಎಂದು ದಾಖಲಿಸಬಲ್ಲದು. ಕಾಲೇಜಿನ ವೆಬ್‌ಸೈಟ್‌ನಲ್ಲಿ ಯಾರು ಯಾವ ಪುಟ ನೋಡಿದರು ಎಂದು ಕೆಲವು ಕಾಲೇಜುಗಳು ಹಿಂಬಾಲಿಸುತ್ತಿರುವುದನ್ನು 2019ರಲ್ಲಿ ವಾಷಿಂಗ್ಟನ್ ಪೋಸ್ಟ್ ಬಯಲಿಗೆಳೆದಿತ್ತು. ಹದಿನೇಳು ವರ್ಷದ ಮಗುವಿನ ಇನ್‌ಬಾಕ್ಸ್‌ನಲ್ಲಿ ದಿನಕ್ಕೆ ಇಪ್ಪತ್ತು ಕಾಲೇಜುಗಳ ಪತ್ರ ಬಂದು ಬೀಳುವಾಗ, ಯಾವುದನ್ನು ತೆರೆಯಲಿಲ್ಲ ಎಂಬುದೂ ಒಂದು ಉತ್ತರವಾಗಿಬಿಡುತ್ತದೆ. ಇದು ಎಷ್ಟು ಸರಿ ಎಂಬ ಪ್ರಶ್ನೆ ಏಳಲೇಬೇಕು.

ಎಲ್ಲ ಕಾಲೇಜೂ ಹೀಗೆ ಮಾಡುವುದಿಲ್ಲ. ಯಾರು ಮಾಡುತ್ತಾರೆ ಎಂದು ತಿಳಿಯಲು ಗುಟ್ಟು ಬೇಕಿಲ್ಲ. ಬಹುತೇಕ ಕಾಲೇಜುಗಳು ವರ್ಷಕ್ಕೊಮ್ಮೆ 'ಕಾಮನ್ ಡೇಟಾ ಸೆಟ್' ಎಂಬ ಕಡತ ಪ್ರಕಟಿಸುತ್ತವೆ. ಅದರ ಸಿ7 ಎಂಬ ಕೋಷ್ಟಕದಲ್ಲಿ ಗ್ರೇಡು, ಅಂಕ, ಪ್ರಬಂಧಗಳ ಕೆಳಗೆ 'ಅರ್ಜಿದಾರರ ಆಸಕ್ತಿಯ ಮಟ್ಟ' ಎಂಬ ಸಾಲು ಇರುತ್ತದೆ. ತುಂಬಾ ಮುಖ್ಯ, ಮುಖ್ಯ, ಗಮನಿಸುತ್ತೇವೆ, ಗಮನಿಸುವುದಿಲ್ಲ ಎಂಬ ನಾಲ್ಕರಲ್ಲಿ ಒಂದು ಕಡೆ ಗುರುತು. ಹಾರ್ವರ್ಡ್, ಸ್ಟ್ಯಾನ್‌ಫರ್ಡ್, ಎಂಐಟಿ ಇದನ್ನು ಗಮನಿಸುವುದಿಲ್ಲ. 2024ರಲ್ಲಿ ಸೇರಲು ಹಾರ್ವರ್ಡ್‌ಗೆ 54 ಸಾವಿರ ಅರ್ಜಿ ಬಂದು ನೂರಕ್ಕೆ ನಾಲ್ವರಿಗೂ ಸೀಟು ಸಿಗಲಿಲ್ಲ. ಅಂಥ ಕಡೆ ನೀವು ಅಲ್ಲಿಗೆ ಮೂರು ಸಲ ಹೋಗಿ ಅಂಗಳದಲ್ಲಿ ಫೋಟೊ ತೆಗೆಸಿಕೊಂಡು ಬಂದರೂ ಅವರಿಗೆ ಅದರಿಂದ ಏನೂ ಆಗಬೇಕಿಲ್ಲ. ಆಸಕ್ತಿಗೆ ಬೆಲೆ ಇರುವುದು ಅದರ ಮುಂದಿನ ಸಾಲಿನಲ್ಲಿ. ತುಂಬಾ ಒಳ್ಳೆಯ ಕಾಲೇಜು, ಆದರೆ ಮಕ್ಕಳು ಎರಡನೆಯದೋ ಮೂರನೆಯದೋ ಆಯ್ಕೆಯಾಗಿ ಇಟ್ಟುಕೊಳ್ಳುವಂಥದ್ದು, ಅಲ್ಲಿ.

ಅಂಕ ಜಾಸ್ತಿಯಾದಷ್ಟೂ ಅನುಮಾನ

ಅಂಕ ಮತ್ತು ಆಸಕ್ತಿ ಎರಡೂ ಒಂದಕ್ಕೊಂದು ಹೆಣೆದುಕೊಳ್ಳುವುದು ಇಲ್ಲೇ. ಸರಾಸರಿ 1400 ಇರುವ ಕಾಲೇಜಿಗೆ 1560 ಅಂಕದ ಅರ್ಜಿ ಬರುತ್ತದೆ. ಕ್ಯಾಂಪಸ್‌ಗೆ ಬಂದಿಲ್ಲ, ಯಾವ ಸಭೆಗೂ ಹಾಜರಿಲ್ಲ, ಪ್ರಬಂಧದಲ್ಲಿ ಕಾಲೇಜಿನ ಹೆಸರು ಬಿಟ್ಟರೆ ಬೇರೇನಿಲ್ಲ. ಅರ್ಜಿ ಓದುವವರಿಗೆ ಹೀಗೆ ಅನ್ನಿಸುವುದು ಸಹಜ. ಇವರಿಗೆ ನಾವು ಬರೀ ಒಂದು ಭದ್ರತೆ, ಮೇಲಿನವರು ಕರೆದರೆ ನಮ್ಮ ಕಡೆ ತಿರುಗಿಯೂ ನೋಡುವುದಿಲ್ಲ. ಇಂಥ ಅರ್ಜಿ ವೇಟ್‌ಲಿಸ್ಟ್‌ಗೆ ಹೋಗುವುದುಂಟು. ಇದನ್ನು 'ಯೀಲ್ಡ್ ಪ್ರೊಟೆಕ್ಷನ್' ಎನ್ನುತ್ತಾರೆ. ಕಾಲೇಜುಗಳು ಸಾಮಾನ್ಯವಾಗಿ ಇದನ್ನು ಒಪ್ಪಿಕೊಳ್ಳುವುದಿಲ್ಲ.

ಲೀಹೈ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞರು 2017ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಈ ಊಹೆಗೆ ಪುಷ್ಟಿ ಕೊಡುತ್ತದೆ. ಕ್ಯಾಂಪಸ್‌ಗೆ ಬಂದು ಹೋದವರಿಗೆ ಸೀಟು ಸಿಗುವ ಸಾಧ್ಯತೆ ಹೆಚ್ಚು ಎಂದು ಅವರು ಕಂಡುಕೊಂಡರು. ಆ ಲಾಭ ಎಲ್ಲರಿಗೂ ಸಮನಾಗಿರಲಿಲ್ಲ, ಎಸ್‌ಎಟಿ ಅಂಕ ತುಂಬಾ ಜಾಸ್ತಿ ಇದ್ದವರಿಗೇ ಅದು ಹೆಚ್ಚಾಗಿತ್ತು. ಯೋಚಿಸಿದರೆ ತರ್ಕ ಸರಿಯಾಗಿಯೇ ಇದೆ. 1400 ಇರುವವರು ಬರುತ್ತಾರೆ ಎಂದು ಕಾಲೇಜಿಗೆ ನಂಬಿಕೆ ಇದೆ. 1560 ಇರುವವರೇ ನಂಬಿಸಬೇಕಾದದ್ದು.

ಒಂದು ಎಚ್ಚರ. ಸೀಟು ಸಿಗದ ಪ್ರತಿಯೊಬ್ಬರೂ 'ಯೀಲ್ಡ್ ಪ್ರೊಟೆಕ್ಷನ್' ಎಂದು ಸಮಾಧಾನ ಮಾಡಿಕೊಳ್ಳುವುದುಂಟು. ದ್ರಾಕ್ಷಿ ಹುಳಿ ಎಂದ ಹಾಗೆ. ಎಷ್ಟೋ ಸಲ ಕಾರಣ ಸರಳವಾಗಿರುತ್ತದೆ. ಪ್ರಬಂಧ ಸಪ್ಪೆ, ಅಥವಾ ಕಂಪ್ಯೂಟರ್ ಸೈನ್ಸ್‌ಗೆ ಅರ್ಜಿ ಹಾಕಿದವರೇ ಅಷ್ಟು ಜನ.

ಅತಿ ದುಬಾರಿ ಆಸಕ್ತಿ

ಆಸಕ್ತಿ ತೋರಿಸುವ ದಾರಿಗಳಲ್ಲಿ ಅತಿ ಗಟ್ಟಿಯಾದದ್ದು 'ಅರ್ಲಿ ಡಿಸಿಷನ್'. ನವೆಂಬರ್ ಮೊದಲ ಭಾಗದಲ್ಲೇ ಒಂದು ಕಾಲೇಜನ್ನು ಆರಿಸಿ, 'ಸೀಟು ಕೊಟ್ಟರೆ ಖಂಡಿತ ಬರುತ್ತೇನೆ, ಉಳಿದ ಅರ್ಜಿಯೆಲ್ಲ ವಾಪಸ್ ತೆಗೆದುಕೊಳ್ಳುತ್ತೇನೆ' ಎಂದು ಬರೆದುಕೊಡಬೇಕು. ಮಗು ಮಾತ್ರವಲ್ಲ, ಅಪ್ಪ ಅಥವಾ ಅಮ್ಮ ಮತ್ತು ಶಾಲೆಯ ಕೌನ್ಸೆಲರ್ ಕೂಡ ಸಹಿ ಹಾಕುತ್ತಾರೆ. ಕಾಲೇಜಿನ ಮಟ್ಟಿಗೆ ಇದು ಮುಂಗಡ ಕೊಟ್ಟು ಬುಕ್ ಮಾಡಿದ ಎಲೆ. ಕೆಲವು ಕಾಲೇಜುಗಳು ಅರ್ಧದಷ್ಟು ಸೀಟನ್ನು ಹೀಗೇ ತುಂಬಿಕೊಳ್ಳುತ್ತವೆ.

ಕಷ್ಟ ಇರುವುದು ದುಡ್ಡಿನಲ್ಲಿ. ಮಾಮೂಲಿ ಸುತ್ತಿನಲ್ಲಿ ಸೀಟು ಸಿಕ್ಕವರು ನಾಲ್ಕು ಕಾಲೇಜುಗಳು ಕೊಡುವ ನೆರವನ್ನು ಹೋಲಿಸಿ, ಎಲ್ಲಿ ಕಡಿಮೆ ಖರ್ಚು ಎಂದು ನೋಡಬಹುದು. ಅರ್ಲಿ ಡಿಸಿಷನ್‌ನಲ್ಲಿ ಒಂದೇ ಕಾಲೇಜು, ಒಂದೇ ಲೆಕ್ಕ. ನೆರವು ಸಾಲದಿದ್ದರೆ ಬಿಡಿಸಿಕೊಳ್ಳಲು ಅವಕಾಶ ಇದೆ, ನಿಜ. ಆದರೆ ಚೌಕಾಸಿ ಮಾಡುವ ಶಕ್ತಿ ಹೋಯಿತಲ್ಲ. ಆದ್ದರಿಂದ ಧೈರ್ಯವಾಗಿ ಇದನ್ನು ಬಳಸುವವರು ಹೆಚ್ಚಾಗಿ ಪೂರ್ತಿ ಫೀಸು ಕಟ್ಟಬಲ್ಲವರು. ಕ್ಯಾಂಪಸ್ ನೋಡಲು ವಿಮಾನ ಹತ್ತುವವರೂ ಅವರೇ. ಎಸ್‌ಎಟಿ ಅಂಕ ದುಡ್ಡಿನ ನೆರಳು ಎಂದು ಅದನ್ನು ಬದಿಗಿಟ್ಟು, ಆ ಜಾಗದಲ್ಲಿ ಆಸಕ್ತಿಗೆ ತೂಕ ಕೊಟ್ಟರೆ ನೆರಳು ಇನ್ನೂ ಉದ್ದವಾಗುತ್ತದೆ.

ನಿಯಮ ಮುರಿದರೆ ಶಿಕ್ಷೆ ಮಗುವಿಗೆ ಮಾತ್ರ ಸೀಮಿತವಲ್ಲ. ಡೆನ್ವರ್‌ನ ಒಂದು ಖಾಸಗಿ ಶಾಲೆಯ ವಿದ್ಯಾರ್ಥಿಯೊಬ್ಬರು ಮಾತು ತಪ್ಪಿದ್ದಕ್ಕೆ ಟುಲೇನ್ ವಿಶ್ವವಿದ್ಯಾಲಯ ಆ ಶಾಲೆಯ ಎಲ್ಲ ಮಕ್ಕಳಿಗೂ ಒಂದು ವರ್ಷ ಅರ್ಲಿ ಡಿಸಿಷನ್ ಬಾಗಿಲು ಮುಚ್ಚಿತು. ಯಾರೋ ಮಾಡಿದ್ದಕ್ಕೆ ಇನ್ಯಾರಿಗೋ ದಂಡ.

2025ರ ಆಗಸ್ಟ್‌ನಲ್ಲಿ ಇದರ ವಿರುದ್ಧ ಮ್ಯಾಸಚೂಸೆಟ್ಸ್‌ನ ಫೆಡರಲ್ ಕೋರ್ಟ್‌ನಲ್ಲಿ ಮೊಕದ್ದಮೆ ದಾಖಲಾಯಿತು. 32 ಕಾಲೇಜುಗಳ ಜತೆ ಕಾಮನ್ ಆಪ್ ಕೂಡ ಪ್ರತಿವಾದಿ. ಕಾಲೇಜುಗಳು ಒಂದಾಗಿ ಸ್ಪರ್ಧೆಯನ್ನು ಕೊಂದು, ಓದಿನ ಖರ್ಚು ಏರಿಸಿವೆ ಎಂಬುದು ದೂರು. ಕೋರ್ಟ್ ಇದನ್ನು ಒಪ್ಪಿ ಅರ್ಲಿ ಡಿಸಿಷನ್ ಬಿದ್ದುಹೋದರೂ 'ಬರ್ತಾರಾ' ಎಂಬ ಪ್ರಶ್ನೆ ಬೀಳುವುದಿಲ್ಲ. ಆಗ ಕಾಲೇಜುಗಳ ಕೈಯಲ್ಲಿ ಉಳಿಯುವುದು ಇಮೇಲ್ ತೆರೆದ ಲೆಕ್ಕ, ಸಭೆಗೆ ಬಂದ ಲೆಕ್ಕ. ಕದ್ದು ನೋಡುವುದು ಇನ್ನೂ ಜಾಸ್ತಿಯಾದೀತು.

ಇತ್ತ ಅಂಕದ ವಿಷಯದಲ್ಲಿ ಸರ್ಕಾರದ ಒತ್ತಡವೂ ಇದೆ. 2025ರ ಅಕ್ಟೋಬರ್‌ನಲ್ಲಿ ಟ್ರಂಪ್ ಆಡಳಿತ ಒಂಬತ್ತು ವಿಶ್ವವಿದ್ಯಾಲಯಗಳ ಮುಂದಿಟ್ಟ ಒಪ್ಪಂದದಲ್ಲಿ ಪರೀಕ್ಷೆಯ ಅಂಕ ಕಡ್ಡಾಯ ಎಂಬುದೂ ಒಂದು ಷರತ್ತು. ಮೊದಲು ಬೇಡ ಅಂದದ್ದು ಎಂಐಟಿ. ಅಂಕ ಕಡ್ಡಾಯ ಮಾಡುವುದರಲ್ಲೂ ಮೊದಲಿದ್ದದ್ದು ಅವರೇ, ನೋಡಿ. ಪರೀಕ್ಷೆ ಬೇಕು ಎನ್ನುವವರೆಲ್ಲ ಒಂದೇ ರಾಜಕೀಯದವರಲ್ಲ.

ಬೆಂಗಳೂರಿನಿಂದ ಅರ್ಜಿ ಹಾಕುವವರಿಗೆ

ಭಾರತದಿಂದ ಅಮೆರಿಕಕ್ಕೆ ಓದಲು ಹೋಗುವವರಲ್ಲಿ ಬಹುಪಾಲು ಮಾಸ್ಟರ್ಸ್‌ಗೆ ಹೋಗುವವರು. ಅವರಿಗೆ ಈ ಮಾತು ಅನ್ವಯಿಸುವುದಿಲ್ಲ. ಪಿಯುಸಿ ಅಥವಾ ಹನ್ನೆರಡನೇ ತರಗತಿ ಮುಗಿಸಿ ನೇರ ಹೋಗುವವರಿಗೆ ಮಾತ್ರ ಇದು.

ಅವರ ವಿಷಯದಲ್ಲಿ ಅಂಕದ ತೂಕ ಸ್ವಲ್ಪ ಜಾಸ್ತಿಯೇ. ಧಾರವಾಡದ ಅಥವಾ ಬಸವನಗುಡಿಯ ಕಾಲೇಜೊಂದರಲ್ಲಿ ಶೇ. 94 ಎಂದರೆ ಏನು ಎಂದು ಅಲ್ಲಿನ ಆಫೀಸಿಗೆ ಸುಲಭವಾಗಿ ತಿಳಿಯುವುದಿಲ್ಲ, 1520 ಎಂದರೆ ತಿಳಿಯುತ್ತದೆ. ಹಾಗಾಗಿ ಕಡ್ಡಾಯ ಅಲ್ಲದ ಕಡೆಯೂ ಒಳ್ಳೆಯ ಅಂಕ ಇದ್ದರೆ ಕಳಿಸುವುದೇ ವಾಸಿ. ಆಸಕ್ತಿ ತೋರಿಸಲು ಅಲ್ಲಿಗೆ ಹಾರಬೇಕಿಲ್ಲ. ದೂರದವರು ಬರಲಾರರು ಎಂಬುದು ಕಾಲೇಜಿಗೂ ಗೊತ್ತು. ಆನ್‌ಲೈನ್ ಸಭೆ, ಸಂದರ್ಶನ, ಕಾಲೇಜಿನ ಬಗ್ಗೆ ನಿಜವಾಗಲೂ ಓದಿ ಬರೆದ ಪ್ರಬಂಧ ಸಾಕು. ದುಡ್ಡಿನ ಮಾತು ಮಾತ್ರ ಬಿಗಿ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿಯಂಥ ಕೆಲವೇ ಕಡೆ ಬಿಟ್ಟರೆ, ವಿದೇಶಿ ವಿದ್ಯಾರ್ಥಿ ನೆರವು ಕೇಳಿದ್ದಾನಾ ಎಂಬುದು ಸೀಟಿನ ತೀರ್ಮಾನದ ಮೇಲೇ ಪರಿಣಾಮ ಬೀರುತ್ತದೆ.

ಪ್ರಿನ್ಸ್‌ಟನ್‌ನ ಹೊಸ ನಿಯಮ ಮೊದಲು ತಟ್ಟುವುದು 2026ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಪಿಯುಗೆ ಕಾಲಿಡುವ ಮಕ್ಕಳಿಗೆ. ಅವರು ಎಸ್‌ಎಟಿ ಬರೆಯಲು ಅನುಕೂಲವಾದ ಸಮಯ ಮೊದಲ ಪಿಯು ಮುಗಿಯುವ ಹೊತ್ತು, ತಪ್ಪಿದರೆ ಎರಡನೇ ಪಿಯುವಿನ ಆಗಸ್ಟ್ ಅಥವಾ ಅಕ್ಟೋಬರ್. ಆಗ ಕಾಲೇಜಿನಲ್ಲಿ ಮಿಡ್‌ಟರ್ಮ್ ಇರುತ್ತದೆ, ಸಂಜೆ ಸಿಇಟಿ ಕೋಚಿಂಗ್ ಇರುತ್ತದೆ, ಅರ್ಲಿ ಡಿಸಿಷನ್ ಅರ್ಜಿಗೆ ನವೆಂಬರ್ 1 ಎದುರಿಗೇ ನಿಂತಿರುತ್ತದೆ.